ಇರುಳಿನಲ್ಲಿ ಹಿಮದ ಕೊರಕಲು

ಬ್ರಿಟನ್ನಿನ ಅತ್ಯುನ್ನತ ಶಿಖರವೆಂಬ ಹೆಸರು ಹೊತ್ತಿರುವ ಬೆನ್ ನೆವಿಸ್ ಪರ್ವತದ ಎತ್ತರ 1345 ಮೀಟರು. ನಮ್ಮ ನಂದಿಬೆಟ್ಟದ ತುದಿ ಇದಕ್ಕಿಂತ ನೂರು ಮೀಟರಿಗೂ ಹೆಚ್ಚು ಮೇಲಿದೆ. ಭಾನುವಾರ ಬುತ್ತಿ ಕಟ್ಟಿಕೊಂಡು ಮಕ್ಕಳೊಡನೆ ನಂದಿಗೆ ಹೋಗಿ ಸಂಜೆಗೆ ಮನೆ ಸೇರುವ ಬೆಂಗಳೂರಿಗರು ಈ ಸಂಖ್ಯೆಯನ್ನು ಕೇಳಿ ನಕ್ಕರೆ ಆಶ್ಚರ್ಯವಿಲ್ಲ. ಆದರೆ ನಂದಿಗೆ ಹೊರಟವರು ಮನೆಯ ಹೊಸ್ತಿಲು ದಾಟುವಾಗಲೇ ಸುಮಾರು 900 ಮೀಟರು ಎತ್ತರದ ಪ್ರಸ್ಥಭೂಮಿಯ ಮೇಲಿರುತ್ತಾರೆ. ಬೆನ್ ನೆವಿಸ್ ಆದರೋ ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ, ಒಳನಾಡಿಗೆ ಚಾಚಿಕೊಂಡ ಕಡಲ ತೋಳೊಂದರ ಅಂಚಿನಿಂದಲೇ ಎದ್ದು ನಿಂತಿದೆ. ಅಲ್ಲಿಯ ಅಕ್ಷಾಂಶ ಉತ್ತರಕ್ಕೆ 57 ಡಿಗ್ರಿಯ ಸಮೀಪ. ಅಟ್ಲಾಂಟಿಕ್ ಸಾಗರದಿಂದ ಬರುವ ಬಿರುಗಾಳಿಗಳಿಗೆ ಮೊದಲು ಸಿಕ್ಕುವ ದೊಡ್ಡ ಗೋಡೆಗಳಲ್ಲಿ ಅದೂ ಒಂದು.

ಈ ಪರ್ವತಕ್ಕೆ ಎರಡು ಮುಖಗಳಿವೆ. ಫೋರ್ಟ್ ವಿಲಿಯಂ ಪಟ್ಟಣದ ಕಡೆಯದು ಸಾಧು ಮುಖ. ಅಲ್ಲಿ ಅಂಕುಡೊಂಕಾದ ಕಾಲುಹಾದಿಯೊಂದು ತುದಿಯವರೆಗೂ ಹೋಗುತ್ತದೆ. ಬೇಸಗೆಯಲ್ಲಿ ಮುದುಕರೂ ಮಕ್ಕಳೂ ಸಾವಿರ ಸಾವಿರವಾಗಿ ಅದನ್ನು ಏರುತ್ತಾರೆ. ಈಶಾನ್ಯಕ್ಕೆ ತಿರುಗಿರುವ ಇನ್ನೊಂದು ಮುಖ ಊರಿಗೆ ಕಾಣುವುದಿಲ್ಲ. ಸುಮಾರು 600 ಮೀಟರು ಎತ್ತರದ ಕರಿಯ ಬಂಡೆಗಳು ಅಲ್ಲಿ ನೆಟ್ಟಗೆ ನಿಂತಿವೆ. ನಲವತ್ತು ಕೋಟಿ ವರ್ಷಗಳಿಗೂ ಹಿಂದೆ ಜ್ವಾಲಾಮುಖಿಯಿಂದ ಹೊಮ್ಮಿದ ಈ ಶಿಲೆ, ಕೆಳಗಿನ ಶಿಲಾರಸದೊಳಕ್ಕೆ ಕುಸಿದು ಹುದುಗಿಕೊಂಡದ್ದರಿಂದಲೇ ಸವೆಯದೆ ಉಳಿಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಬಂಡೆಗಳ ನಡುವೆ ನೀರು, ಹಿಮ, ಹಿಮನದಿಗಳು ಕೊರೆದ ಆಳವಾದ ಸೀಳುಗಳಿವೆ. ಇವೇ ಕೊರಕಲುಗಳು. ಬೇಸಗೆಯಲ್ಲಿ ಇವು ನೀರು ತೊಟ್ಟಿಕ್ಕುವ, ಕಲ್ಲು ಉರುಳುವ ಹೊಲಸು ಸಂದುಗಳು. ಯಾರೂ ಅತ್ತ ಸುಳಿಯುವುದಿಲ್ಲ. ಚಳಿಗಾಲದಲ್ಲಿ ಹಿಮ ತುಂಬಿ ಗಟ್ಟಿಯಾದಾಗ ಅವೇ ಆಕಾಶಕ್ಕೆ ಇಟ್ಟ ಬಿಳಿಯ ಏಣಿಗಳಾಗುತ್ತವೆ.

ಈ ಏಣಿಗಳನ್ನು ರಾತ್ರಿಯ ಹೊತ್ತಿನಲ್ಲಿ ಏರುವವರಿದ್ದಾರೆ.

‘ನೀರು, ಜೋಕೆ!’

ಕೊರಕಲುಗಳಿಗೆ ಹೆಸರಿಟ್ಟವರು ಹೆಚ್ಚು ತಲೆ ಕೆಡಿಸಿಕೊಂಡಂತೆ ತೋರುವುದಿಲ್ಲ. ಎರಡನೆಯದು, ಮೂರನೆಯದು, ನಾಲ್ಕನೆಯದು ಎಂದು ಸಂಖ್ಯೆಗಳನ್ನೇ ಕೊಟ್ಟು ಮುಗಿಸಿದ್ದಾರೆ. ಆದರೆ ಶಿಖರದ ತುದಿಗೇ ಬಾಯಿ ತೆರೆದಿರುವ ಒಂದು ಕೊರಕಲಿಗೆ ‘ಗಾರ್ಡಿಲೂ’ ಎಂಬ ವಿಚಿತ್ರ ಹೆಸರಿದೆ. ಹಿಂದಿನ ಕಾಲದ ಎಡಿನ್‌ಬರೋ ನಗರದಲ್ಲಿ ಒತ್ತೊತ್ತಾಗಿ ಕಟ್ಟಿದ ಬಹು ಅಂತಸ್ತಿನ ಮನೆಗಳಿದ್ದವು, ಚರಂಡಿಗಳಿರಲಿಲ್ಲ. ಮೇಲಿನ ಅಂತಸ್ತಿನ ಗೃಹಿಣಿ ಮುಸುರೆ ನೀರನ್ನು ಕಿಟಕಿಯಿಂದ ಬೀದಿಗೆ ಚೆಲ್ಲುವ ಮುನ್ನ “ಗಾರ್ಡಿಲೂ!” ಎಂದು ಕೂಗುವುದು ವಾಡಿಕೆಯಾಗಿತ್ತು. ‘ನೀರು, ಜೋಕೆ!’ ಎಂಬರ್ಥದ ಫ್ರೆಂಚ್ ಮಾತು ಸ್ಕಾಟ್ ಜನರ ಬಾಯಿಯಲ್ಲಿ ಹೀಗಾಯಿತಂತೆ. ಕೂಗು ಕೇಳಿದ ದಾರಿಹೋಕ ಗೋಡೆಗೆ ಒತ್ತಿ ನಿಂತರೆ ಬಟ್ಟೆ ಉಳಿಯಿತು.

ನಿರ್ಜನವಾದ ಪರ್ವತದ ತುದಿಯಲ್ಲಿ ಮುಸುರೆ ಚೆಲ್ಲುವವರು ಯಾರು? ಇದ್ದರು. 1883ರಿಂದ 1904ರವರೆಗೆ, ಇಪ್ಪತ್ತೊಂದು ವರ್ಷಗಳ ಕಾಲ, ಶಿಖರದ ಮೇಲೆ ಹವಾಮಾನ ವೀಕ್ಷಣಾಲಯವೊಂದಿತ್ತು. ಅಲ್ಲಿ ವಾಸವಾಗಿದ್ದವರು ತಮ್ಮ ಮನೆಯ ಕಸವನ್ನು ಹತ್ತಿರದ ಕೊರಕಲಿಗೆ ಸುರಿಯುತ್ತಿದ್ದರು. ಆ ಕಸದ ಹಾದಿಯನ್ನೇ ಮುಂದೆ ಪರ್ವತಾರೋಹಿಗಳು ಏರತೊಡಗಿದರು. ಆ ಮನೆಯ ಮಾತು ಮುಂದೆ ಬರುವುದು. ಮೊದಲು ಅದರ ಹಿತ್ತಿಲಿಗೆ ಹತ್ತುವ ದಾರಿಯನ್ನು ನೋಡಬೇಕು.

ರಾತ್ರಿಯೇ ಏಕೆ?

ಹಗಲು ಇರುವಾಗ ರಾತ್ರಿಯಲ್ಲಿ ಹತ್ತುವ ಹಟವೇಕೆಂದು ಕೇಳಬಹುದು. ಮೊದಲನೆಯ ಕಾರಣ, ಹಗಲು ಇಲ್ಲದಿರುವುದು! ಡಿಸೆಂಬರಿನ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಒಂಬತ್ತು ಗಂಟೆಯ ಹೊತ್ತಿಗೆ, ಮುಳುಗುವುದು ಮೂರೂವರೆ ಗಂಟೆಯ ಹೊತ್ತಿಗೆ. ಏಳು ಗಂಟೆಯೂ ತುಂಬದ ಆ ಹಗಲಿನಲ್ಲಿ ಬುಡಕ್ಕೆ ನಡೆದು, ಕೊರಕಲು ಏರಿ, ಮತ್ತೆ ಇಳಿದು ಬರುವುದು ಎಲ್ಲರಿಗೂ ಸಾಧ್ಯವಲ್ಲ. ಯಾವುದಾದರೂ ಒಂದು ಭಾಗವನ್ನು ಕತ್ತಲಿಗೆ ಕೊಡಲೇಬೇಕು.

ಎರಡನೆಯ ಕಾರಣ ಹಿಮದ ಸ್ವಭಾವ. ಹೊಸದಾಗಿ ಬಿದ್ದ ಹಿಮ ಹಿಟ್ಟಿನಂತೆ, ಕಾಲಿಟ್ಟರೆ ಕುಸಿಯುತ್ತದೆ. ಕಡಲ ಗಾಳಿಯ ಬಿಸುಪಿಗೆ ಅದು ಕರಗಿ, ಮತ್ತೆ ಹೆಪ್ಪುಗಟ್ಟಿ, ಹೀಗೆ ಹಲವು ಸಲ ನಡೆದ ಮೇಲೆ ಕಲ್ಲುಸಕ್ಕರೆಯಂತೆ ಗಟ್ಟಿಯಾಗುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ನೆಲದ ಶಾಖವೆಲ್ಲ ಆಕಾಶಕ್ಕೆ ಹೋಗಿಬಿಡುವುದರಿಂದ ಹಿಮ ಇನ್ನಷ್ಟು ಬಿಗಿಯುತ್ತದೆ. ಹಗಲಿನ ಬೆಚ್ಚನೆಯ ಗಾಳಿಗೆ ಸಡಿಲವಾಗುವ ಕಲ್ಲುಗಳೂ ಮಂಜುಗಡ್ಡೆಯ ತುಂಡುಗಳೂ ಆಗ ತಮ್ಮ ತಮ್ಮ ಜಾಗಗಳಲ್ಲಿ ಹೆಪ್ಪುಗಟ್ಟಿ ಕುಳಿತಿರುತ್ತವೆ. ಮನುಷ್ಯರ ಪಾಲಿಗೆ ಕೆಟ್ಟ ಚಳಿ ಎನಿಸುವುದೇ ಹತ್ತುವವನ ಪಾಲಿಗೆ ನಂಬಿಕೆಯ ನೆಲ.

ಆದ್ದರಿಂದ ಬಲ್ಲವರು ನಡುರಾತ್ರಿ ಕಳೆದ ಮೇಲೆ ಟಾರ್ಲಂಡಿ ಎಂಬಲ್ಲಿಂದ ಹೊರಡುವುದುಂಟು. ಕಾಡಿನ ನಡುವೆ ಏರಿದ ಹಾದಿ ಬಯಲಿಗೆ ಬಂದು, ‘ಗಿರಣಿಯ ಹಳ್ಳ’ ಎಂಬರ್ಥದ ಗೇಲಿಕ್ ಹೆಸರುಳ್ಳ ತೊರೆಯೊಂದರ ಜೊತೆಗೂಡಿ ಮೇಲಕ್ಕೆ ಸಾಗುತ್ತದೆ. ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಎರಡು ಗಂಟೆಯ ನಡಿಗೆ. ತೊರೆಯ ಅಂಚು ಹೆಪ್ಪುಗಟ್ಟಿದ್ದರೂ ಒಳಗೆ ನೀರು ಗೊಣಗುತ್ತಲೇ ಇರುತ್ತದೆ. ಸುಮಾರು 680 ಮೀಟರು ಎತ್ತರದಲ್ಲಿ, ಬಂಡೆಗಳ ಬುಡದಲ್ಲಿ, ಕಲ್ಲಿನ ಗುಡಿಸಲೊಂದು ಎದುರಾಗುತ್ತದೆ.

ಮಗನ ನೆನಪಿನ ಮನೆ

ಈ ಗುಡಿಸಲಿಗೆ ಒಂದು ಕಥೆಯಿದೆ. ಡಾಕ್ಟರ್ ವಿಲಿಯಂ ಇಂಗ್ಲಿಸ್ ಕ್ಲಾರ್ಕ್ ಮತ್ತು ಅವರ ಪತ್ನಿ ಜೇನ್ ಇಬ್ಬರೂ ಪರ್ವತಪ್ರಿಯರು. ಹೆಂಗಸರಿಗೆ ಪರ್ವತಾರೋಹಣ ಸಲ್ಲದೆಂದು ದೊಡ್ಡವರೆಲ್ಲ ಹೇಳುತ್ತಿದ್ದ ಕಾಲದಲ್ಲಿ, 1908ರಲ್ಲಿ, ಜೇನ್ ತನ್ನ ಮಗಳೊಡನೆಯೂ ಗೆಳತಿಯೊಬ್ಬಳೊಡನೆಯೂ ಸೇರಿ ಸ್ಕಾಟ್ಲೆಂಡಿನ ಮಹಿಳೆಯರದೇ ಆದ ಪರ್ವತಾರೋಹಣ ಸಂಘವನ್ನು ಸ್ಥಾಪಿಸಿದಳು. ಆ ದಂಪತಿಗಳ ಮಗ ಚಾರ್ಲ್ಸ್ ಮೊದಲನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಹೋಗಿ, 1918ರಲ್ಲಿ ಮೆಸೊಪೊಟೇಮಿಯದಲ್ಲಿ ಮಡಿದನು. ಮರುಭೂಮಿಯಲ್ಲಿ ಮಡಿದ ಮಗನ ಹೆಸರಿನಲ್ಲಿ ತಾಯಿತಂದೆಯರು ಹಿಮದ ನಡುವೆ ಕಟ್ಟಿಸಿದ ಈ ಮನೆ 1929ರಲ್ಲಿ ತೆರೆಯಿತು. ಮಗನಂತೆಯೇ ಪರ್ವತವನ್ನು ಪ್ರೀತಿಸುವ ಬೇರೆ ಮಕ್ಕಳು ಅಲ್ಲಿ ಬೆಚ್ಚಗೆ ಮಲಗಲೆಂಬುದು ಅವರ ಆಸೆಯಾಗಿರಬೇಕು.

ಇರುಳಿನಲ್ಲಿ ಬರುವವರು ಅದರ ಗೋಡೆಯ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ನಿಲ್ಲುತ್ತಾರೆ. ಬಿಸಿ ಪಾನೀಯ ಗುಟುಕರಿಸುತ್ತಾರೆ. ಹತ್ತುವುದೋ ಹಿಂತಿರುಗುವುದೋ ಎಂಬ ಪ್ರಶ್ನೆಯನ್ನು ಅಲ್ಲಿಯೇ ಇತ್ಯರ್ಥ ಮಾಡಿಕೊಳ್ಳಬೇಕು. ಏಕೆಂದರೆ ಕೊರಕಲಿನ ದೊಡ್ಡ ಶತ್ರು ಕಡಿದಾದ ಇಳಿಜಾರಲ್ಲ, ಹಿಮಕುಸಿತ. ನೈಋತ್ಯದ ಗಾಳಿ ಶಿಖರದ ಬಯಲಿನ ಹಿಮವನ್ನು ಪೊರಕೆಯಿಂದ ಗುಡಿಸಿದಂತೆ ಗುಡಿಸಿ ಈಶಾನ್ಯದ ಕೊರಕಲುಗಳಿಗೆ ತುಂಬುತ್ತದೆ. ಗಾಳಿ ತಂದ ಆ ಹಿಮ ನೋಡಲು ನುಣುಪು, ಕೈಗೆ ಗಟ್ಟಿ. ಆದರೆ ಕೆಳಗಿನ ಹಳೆಯ ಪದರಕ್ಕೆ ಅಂಟಿಕೊಂಡಿರುವುದಿಲ್ಲ. ಮೇಜಿನ ಮೇಲಿಂದ ಹಾಸುಬಟ್ಟೆ ಜಾರಿದಂತೆ ಇಡೀ ಹಲಗೆ ಒಮ್ಮೆಗೇ ಜಾರಿಬಿಡಬಹುದು. ಬಹುಪಾಲು ಅನಾಹುತಗಳಲ್ಲಿ ಹಲಗೆಯನ್ನು ಕದಲಿಸುವುದು, ಅದರ ಮೇಲೆ ಕಾಲಿಟ್ಟ ಮನುಷ್ಯನ ಭಾರವೇ.

ಈಗ ಸ್ಕಾಟ್ಲೆಂಡಿನಲ್ಲಿ ಚಳಿಗಾಲದುದ್ದಕ್ಕೂ ಹಿಮಕುಸಿತದ ಮುನ್ಸೂಚನೆಯನ್ನು ದಿನದಿನವೂ ಪ್ರಕಟಿಸುವ ವ್ಯವಸ್ಥೆಯಿದೆ. ಯಾವ ದಿಕ್ಕಿನ ಇಳಿಜಾರು, ಯಾವ ಎತ್ತರ, ಎಷ್ಟು ಅಪಾಯ ಎಂಬುದನ್ನು ಹಿಂದಿನ ಸಂಜೆಯೇ ತಿಳಿಯಬಹುದು. ಆದರೆ ಕತ್ತಲಲ್ಲಿ ಹೊರಟವನಿಗೆ ಒಂದು ಕೊರತೆಯಿದೆ. ಹಗಲಿನಲ್ಲಿಯಾದರೆ ಮೇಲಿನ ಇಳಿಜಾರಿನಲ್ಲಿ ಹೊಸ ಹಿಮ ಎಷ್ಟಿದೆ, ತುದಿಯಲ್ಲಿ ಗಾಳಿ ಹಿಮವನ್ನು ಹಾರಿಸುತ್ತಿದೆಯೇ ಎಂಬುದು ದೂರದಿಂದಲೇ ಕಾಣುತ್ತದೆ. ರಾತ್ರಿಯಲ್ಲಿ ದೀಪದ ಬೆಳಕು ಮುಟ್ಟುವಷ್ಟೇ ಅವನ ಲೋಕ. ಅದಕ್ಕಾಗಿ ಅವನು ಕಣ್ಣಿನ ಕೆಲಸವನ್ನು ಕೈಕಾಲುಗಳಿಗೆ ಒಪ್ಪಿಸುತ್ತಾನೆ. ಗುಂಡಿ ತೋಡಿ ಪದರಗಳನ್ನು ಮುಟ್ಟಿ ನೋಡುತ್ತಾನೆ. ಬೂಟಿನಡಿಯ ಸದ್ದನ್ನು ಕೇಳುತ್ತಾನೆ. ಕರಕರ ಸದ್ದಾದರೆ ಸಮಾಧಾನ. ‘ಧಪ್’ ಎಂದು ಟೊಳ್ಳು ಸದ್ದಾದರೆ ಹಿಂದಿರುಗುವುದೇ ಜಾಣತನ. ಗುಡಿಸಲಿನಿಂದ ಹಾಗೆ ಹಿಂದಿರುಗಿದವರ ಹೆಸರು ಯಾವ ದಾಖಲೆಯಲ್ಲಿಯೂ ಬರುವುದಿಲ್ಲ. ಆದರೆ ಅವರು ಮನೆ ಸೇರಿರುತ್ತಾರೆ.

ದೀಪದ ವೃತ್ತದೊಳಗೆ

ಹಿಮ ಒಳ್ಳೆಯದೆಂದು ತೀರ್ಮಾನವಾದರೆ ಬೂಟುಗಳಿಗೆ ಉಕ್ಕಿನ ಮುಳ್ಳುಗಳ ಚೌಕಟ್ಟು ಬಿಗಿದು, ಹಿಮಗೊಡಲಿ ಹಿಡಿದು ಮೇಲೇರುವುದು. ಗಾರ್ಡಿಲೂ ಕೊರಕಲಿಗೆ ಹೋಗಲು ಮೊದಲು ‘ವೀಕ್ಷಣಾಲಯದ ಕೊರಕಲು’ ಎಂಬ ವಿಶಾಲವಾದ ಹಿಮದ ಬಾಣಲೆಯನ್ನು ಹತ್ತಬೇಕು. ಎಡಕ್ಕೊಂದು, ಬಲಕ್ಕೊಂದು ಬೃಹತ್ತಾದ ಏಣು; ಬಲಗಡೆಯದೇ ಹೆಸರುವಾಸಿಯಾದ ಟವರ್ ರಿಜ್. ನಡುವಿನ ಈ ಕಣಿವೆಯಲ್ಲಿ ಹಿಮ ಎಷ್ಟು ದಪ್ಪಗೆ ಕೂಡಿಕೊಳ್ಳುತ್ತದೆಂದರೆ ಕೆಲವು ವರ್ಷ ಅದರ ತುಣುಕುಗಳು ಬೇಸಗೆಯನ್ನೂ ದಾಟಿ ಮುಂದಿನ ಚಳಿಗಾಲದ ಹಿಮವನ್ನು ಕಾಣುತ್ತವೆ.

ನಡುರಾತ್ರಿ ದಾಟಿದ ಚಂದ್ರ ಪರ್ವತದ ಹಿಂದಕ್ಕೆ ಸರಿದಿರುತ್ತಾನೆ. ಎದುರಿನ ಕಾರ್ನ್ ಮೋರ್ ಡೆರ್ಗ್ ಬೆಟ್ಟದ ಮೈಯೆಲ್ಲ ಬೆಳ್ಳಿ. ಹತ್ತುವವರಿರುವ ಕಡೆ ಮಾತ್ರ ಬೆನ್ ನೆವಿಸ್ಸಿನ ಸ್ವಂತ ನೆರಳು, ಶಾಯಿಯಂತೆ ಕಪ್ಪು. ಮೇಲೆ ನೋಡಿದರೆ ಎರಡು ಬಂಡೆಗಳ ನಡುವೆ ನಕ್ಷತ್ರಗಳ ಒಂದು ಕಿರಿದಾದ ಪಟ್ಟಿ. ಆ ಪಟ್ಟಿ ಮುಗಿಯುವಲ್ಲಿ ಕೊರಕಲು ಮುಗಿಯುತ್ತದೆಂದು ತಿಳಿಯಬೇಕು.

ಕೊರಕಲು ಕಿರಿದಾದಂತೆ ಕಡಿದಾಗುತ್ತದೆ. ಬಲಗಡೆಗೆ ಟವರ್ ಕೊರಕಲು ಕವಲೊಡೆಯುತ್ತದೆ. ನೇರವಾಗಿ ಮೇಲೆ ಗಾರ್ಡಿಲೂ. ಕತ್ತಲಲ್ಲಿ ಕವಲು ತಪ್ಪುವುದು ಸುಲಭ. ಇಲ್ಲಿ ಇಬ್ಬರನ್ನು ಹಗ್ಗ ಜೋಡಿಸುತ್ತದೆ. ಒಬ್ಬ ಹತ್ತುತ್ತಾನೆ, ಇನ್ನೊಬ್ಬ ಬಂಡೆಗೆ ತನ್ನನ್ನು ಕಟ್ಟಿಕೊಂಡು, ಹಗ್ಗವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ನಿಲ್ಲುತ್ತಾನೆ. ನೋಡುವವರಿಗೆ ಹತ್ತುವವನ ಕೆಲಸವೇ ಕಠಿಣವೆನಿಸುತ್ತದೆ. ಆದರೆ ಅವನ ಮೈ ಬಿಸಿಯಾಗಿರುತ್ತದೆ, ಮನಸ್ಸಿಗೆ ಕೆಲಸವಿರುತ್ತದೆ. ಕೆಳಗೆ ನಿಂತವನಿಗೆ ಚಳಿ, ಕತ್ತಲು, ಕಾಯುವಿಕೆ ಇಷ್ಟೇ. ಸಂಗಾತಿಯ ದೀಪ ಬಂಡೆಯ ಮರೆಗೆ ಹೋದ ಮೇಲೆ ಅವನಿಗೆ ಉಳಿಯುವುದು ಕೈಯಲ್ಲಿ ಜಾರುವ ಹಗ್ಗ ಮಾತ್ರ. ಹಗ್ಗ ಸರಿಯುತ್ತಿದ್ದರೆ ಮೇಲಿನವನು ಏರುತ್ತಿದ್ದಾನೆ. ಹಗ್ಗ ನಿಂತರೆ ಏನೋ ಯೋಚಿಸುತ್ತಿದ್ದಾನೆ. ಮೇಲಿಂದ ಹುಡಿಹಿಮ ಸುರಿದು ಕತ್ತಿನೊಳಕ್ಕೆ ಇಳಿಯುತ್ತದೆ, ಬೆರಳುಗಳ ಸ್ಪರ್ಶ ಹೋಗುತ್ತದೆ, ನಿದ್ದೆ ತೂಗುತ್ತದೆ. ಆದರೂ ಕೈ ಹಗ್ಗವನ್ನು ಬಿಡುವಂತಿಲ್ಲ. ಮೇಲಿನವನ ಪ್ರಾಣ ಕೆಳಗಿನವನ ಎಚ್ಚರದಲ್ಲಿದೆ.

ಹಿಂದಿನವರ ಪಾಡು ಇನ್ನೂ ಕಷ್ಟದ್ದು. ಹೆರಾಲ್ಡ್ ರೇಬರ್ನ್ ಎಂಬ ಸಾಹಸಿ 1906ರಲ್ಲಿ ಇದೇ ಪರ್ವತದ ‘ಹಸಿರು ಕೊರಕಲ’ನ್ನು ಏರಿದಾಗ ಅವನ ಬಳಿ ಇದ್ದದ್ದು ಮೊಳೆ ಹೊಡೆದ ಬೂಟು, ಉದ್ದ ಹಿಡಿಯ ಒಂದು ಹಿಮಗೊಡಲಿ ಮಾತ್ರ. ಒಂದೊಂದು ಹೆಜ್ಜೆಗೂ ಮಂಜುಗಡ್ಡೆಯಲ್ಲಿ ಮೆಟ್ಟಿಲು ಕಡಿಯಬೇಕು. 1959ರಲ್ಲಿ ‘ಪಾಯಿಂಟ್ ಫೈವ್’ ಎಂಬ ಕಡುಕಷ್ಟದ ಕೊರಕಲನ್ನು ಮೊದಲ ಬಾರಿ ಏರಿದವರು ಕೋಟೆಗೆ ಮುತ್ತಿಗೆ ಹಾಕಿದಂತೆ ದಿನಗಟ್ಟಲೆ ಶ್ರಮಿಸಿದರು. ಮರುವರ್ಷವೇ ಜಿಮ್ಮಿ ಮಾರ್ಷಲ್ ಮತ್ತು ರಾಬಿನ್ ಸ್ಮಿತ್ ಮೆಟ್ಟಿಲು ಕಡಿಯುತ್ತಲೇ ಅದನ್ನು ಒಂದೇ ದಿನದಲ್ಲಿ ಮುಗಿಸಿದರು. ಇಂದಿನವರ ಮುಂಗಾಲಿನ ಉಕ್ಕಿನ ಮುಳ್ಳುಗಳೂ, ಎರಡು ಕೈಗೂ ಒಂದೊಂದರಂತೆ ಬಾಗಿದ ಮೂತಿಯ ಕೊಡಲಿಗಳೂ ಆ ಶ್ರಮವನ್ನು ಬಹುಮಟ್ಟಿಗೆ ತಪ್ಪಿಸಿವೆ. ಕತ್ತಲನ್ನೂ ಚಳಿಯನ್ನೂ ಮಾತ್ರ ಯಾವ ಉಪಕರಣವೂ ಬದಲಿಸಿಲ್ಲ.

ಇಷ್ಟು ಕಷ್ಟದಲ್ಲಿ ಸುಖವೇನಿದೆಯೆಂದು ಕೇಳುವವರಿಗೆ ಡಬ್ಲ್ಯು. ಎಚ್. ಮರ್ರೆಯ ಬಾಳೇ ಉತ್ತರ. 1930ರ ದಶಕದಲ್ಲಿ ಸ್ಕಾಟ್ಲೆಂಡಿನ ಹಿಮದ ಏಣುಗಳಲ್ಲಿ ಎಷ್ಟೋ ಇರುಳುಗಳನ್ನು ಕಳೆದ ಈತ 1942ರಲ್ಲಿ ಆಫ್ರಿಕದ ಮರುಭೂಮಿಯಲ್ಲಿ ಯುದ್ಧಕೈದಿಯಾದನು. ಹೊಟ್ಟೆಗಿಲ್ಲದ ಸೆರೆಯಲ್ಲಿ ಕುಳಿತು, ಶೌಚಕ್ಕೆಂದು ಕೊಟ್ಟ ಕಾಗದದ ಮೇಲೆ ತನ್ನ ಪರ್ವತಗಳ ನೆನಪನ್ನು ಬರೆದನು. ಹಸ್ತಪ್ರತಿಯನ್ನು ಗೆಸ್ಟಾಪೊ ಕಿತ್ತುಕೊಂಡಿತು. ಅವನು ಮತ್ತೆ ಮೊದಲಿನಿಂದ ಬರೆದನು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅದು ಪುಸ್ತಕವಾಗಿ ಹೊರಬಂದು ಒಂದು ಪೀಳಿಗೆಯ ತರುಣರನ್ನು ಪರ್ವತಕ್ಕೆ ಕಳುಹಿಸಿತು. 1950ರಲ್ಲಿ ಅವನೂ ಮೂವರು ಗೆಳೆಯರೂ ನಮ್ಮ ಗಢವಾಲ ಮತ್ತು ಕುಮಾವ್ ಹಿಮಾಲಯದಲ್ಲಿ ತಿಂಗಳುಗಟ್ಟಲೆ ಸಂಚರಿಸಿದರು.

ಗಾರ್ಡಿಲೂವಿನ ಕೊನೆಗೆ ದೊಡ್ಡ ಬಂಡೆಯೊಂದು ಕೊರಕಲಿನ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ನಿಂತಿದೆ. ಹಿಮ ಕಡಿಮೆಯಿದ್ದ ವರ್ಷ ಅದರಡಿಯ ಕಮಾನಿನ ಕೆಳಗೆ ನುಸುಳಿ, ಮಂಜುಗಡ್ಡೆಯ ಗೋಡೆ ಹತ್ತಬೇಕು; ಹಿಮ ಹೆಚ್ಚಿದ್ದರೆ ಬಂಡೆಯೇ ಹೂತುಹೋಗಿರುತ್ತದೆ. ಅದರ ಮೇಲೆ ಕೊನೆಯ ಅಡ್ಡಿ, ಹಿಮದ ಸೂರು. ಬಯಲಿನ ಗಾಳಿ ಅಂಚಿನಾಚೆಗೆ ಹಿಮವನ್ನು ಚಾಚಿ ಚಾಚಿ ಕಟ್ಟಿದ ಈ ಸೂರಿನಡಿಯಲ್ಲಿ ಯಾರೂ ಬಹಳ ಹೊತ್ತು ನಿಲ್ಲುವುದಿಲ್ಲ. ತೆಳ್ಳಗಿನ ಜಾಗ ಹುಡುಕಿ, ಕಿಂಡಿ ಕೊರೆದು, ಕೊಡಲಿಯನ್ನು ಆಚೆಯ ಸಮನೆಲಕ್ಕೆ ಊರಿ, ಹೊಟ್ಟೆಯ ಮೇಲೆ ತೆವಳಿ ಹೊರಬೀಳಬೇಕು.

ತುದಿಯ ಮನೆ

ಹೊರಬಿದ್ದವನ ಎದುರಿಗೆ ಮಾರು ದೂರದಲ್ಲಿ ಹಿಮ ಮೆತ್ತಿದ ಕಲ್ಲಿನ ರಾಶಿಯೊಂದು ಕಾಣುತ್ತದೆ. ಅದೇ ವೀಕ್ಷಣಾಲಯದ ಪಾಳು. ಅದರ ಗೋಪುರದ ಮೇಲೆ ಈಗ ಆಪತ್ಕಾಲಕ್ಕೆಂದು ಪುಟ್ಟ ಆಶ್ರಯವೊಂದನ್ನು ಕಟ್ಟಿದ್ದಾರೆ.

ಆ ಮನೆಯಲ್ಲಿ ಬೆರಳೆಣಿಕೆಯ ಜನ ವರ್ಷದ ಎಲ್ಲ ಋತುಗಳಲ್ಲಿಯೂ ವಾಸವಾಗಿದ್ದರು. ಅವರ ಕೆಲಸ ಇಷ್ಟೇ: ಹಗಲಿರಲಿ ಇರುಳಿರಲಿ, ಗಂಟೆಗೊಮ್ಮೆ ಹೊರಗೆ ಹೋಗಿ ಉಷ್ಣತೆ, ವಾಯುಭಾರ, ಗಾಳಿ, ಮಳೆಗಳನ್ನು ಅಳೆದು ಬರೆಯುವುದು. ವರ್ಷದ ಸರಾಸರಿ ಉಷ್ಣತೆಯೇ ನೀರು ಹೆಪ್ಪುಗಟ್ಟುವ ಮಟ್ಟದ ಸುಮಾರಿಗೆ ಇರುವ ಸ್ಥಳವದು. ಮಳೆಹಿಮಗಳು ಕೂಡಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕು ಸುರಿಯುತ್ತವೆ. ಚಳಿಗಾಲದಲ್ಲಿ ಬಾಗಿಲು ಹಿಮದಲ್ಲಿ ಹೂತುಹೋದಾಗ ಅವರು ಗೋಪುರದ ಮೇಲಿನಿಂದ ಹೊರಬರುತ್ತಿದ್ದರು. ಉಷ್ಣಮಾಪಕವನ್ನಿಟ್ಟ ಪೆಟ್ಟಿಗೆಯ ಮೇಲೆ ಮಂಜುಗಡ್ಡೆ ಬೆಳೆದರೆ ಅದನ್ನು ಒಳಗೆ ತಂದು ಕರಗಿಸಿ, ಬೇರೊಂದು ಪೆಟ್ಟಿಗೆಯನ್ನು ಹೊರಗಿಡುತ್ತಿದ್ದರು. ಆ ಪೆಟ್ಟಿಗೆ ನಮ್ಮವರಿಗೂ ಅಪರಿಚಿತವಲ್ಲ. ನಮ್ಮ ಹವಾಮಾನ ಕೇಂದ್ರಗಳ ಅಂಗಳದಲ್ಲಿ ನಾಲ್ಕು ಕಾಲಿನ ಮೇಲೆ ನಿಂತಿರುವ, ಸಂದು ಸಂದಾದ ಹಲಗೆಯ ಬಿಳಿಯ ಪೆಟ್ಟಿಗೆ ಅದೇ. ಅದನ್ನು ರೂಪಿಸಿದ ಥಾಮಸ್ ಸ್ಟೀವನ್ಸನ್, ‘ಟ್ರೆಷರ್ ಐಲೆಂಡ್’ ಬರೆದ ಕಾದಂಬರಿಕಾರನ ತಂದೆ. ಬೆನ್ ನೆವಿಸ್ಸಿನ ಮೇಲೆ ವೀಕ್ಷಣಾಲಯವಾಗಬೇಕೆಂದು ಮೊದಮೊದಲು ಹೇಳಿದವರಲ್ಲಿ ಅವನೊಬ್ಬ.

ಈ ಎಚ್ಚರಕ್ಕೆ ಫಲವೂ ದೊರಕಿತು. 1894ರ ಸೆಪ್ಟೆಂಬರಿನಲ್ಲಿ ಕೆಲವು ದಿನ ಅಲ್ಲಿ ಕೆಲಸಕ್ಕೆ ನಿಂತ ಸಿ. ಟಿ. ಆರ್. ವಿಲ್ಸನ್ ಎಂಬ ತರುಣ, ಮೋಡದ ಮೇಲೆ ಬಿದ್ದ ನೆರಳಿನ ಸುತ್ತ ಬಣ್ಣದ ಬಳೆಗಳು ಮೂಡುವುದನ್ನು ಕಂಡು ಬೆರಗಾದನು. ಅಂಥ ಮೋಡವನ್ನು ಪ್ರಯೋಗಶಾಲೆಯಲ್ಲಿ ಮಾಡಹೊರಟವನು ಕೊನೆಗೆ, ಪರಮಾಣುವಿನ ಕಣಗಳ ಜಾಡನ್ನು ಕಣ್ಣಿಗೆ ಕಾಣಿಸುವ ಮೋಡಕೋಶವನ್ನು ನಿರ್ಮಿಸಿ, 1927ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಆದರೆ ಮನೆಯನ್ನು ನಡೆಸಲು ಹಣ ಸಾಲದೆ 1904ರಲ್ಲಿ ದೀಪ ಆರಿತು.

ಕೊನೆಯ ನೂರೈವತ್ತು ಮೀಟರು

ಕಷ್ಟವೆಲ್ಲ ಮುಗಿಯಿತೆಂದು ಹಗ್ಗ ಸುತ್ತಿ ಚೀಲಕ್ಕೆ ಹಾಕುವ ಈ ಹೊತ್ತೇ ಬೆನ್ ನೆವಿಸ್ಸಿನಲ್ಲಿ ಅತ್ಯಂತ ಅಪಾಯದ ಹೊತ್ತು. ಶಿಖರ ಚೂಪಾಗಿಲ್ಲ, ವಿಶಾಲವಾದ ಕಲ್ಲು ಬಯಲು. ಮಂಜು ಕವಿದು ಹಿಮ ಬೀಸಿದರೆ ನೆಲವೂ ಆಕಾಶವೂ ಒಂದೇ ಬಣ್ಣವಾಗಿ, ದೀಪದ ಬೆಳಕು ಮುಖಕ್ಕೇ ತಿರುಗಿ ಬರುತ್ತದೆ. ಉತ್ತರಕ್ಕೆ ಸರಿದರೆ ಈಗ ತಾನೇ ಹತ್ತಿಬಂದ ಗಾರ್ಡಿಲೂ ಬಾಯಿ ತೆರೆದಿದೆ. ಅದನ್ನು ತಪ್ಪಿಸಲೆಂದು ಎಡಕ್ಕೆ ಹೆಚ್ಚು ಸರಿದರೆ ‘ಐದು ಬೆರಳಿನ ಕೊರಕಲು’ ಎಂಬ ಇನ್ನೊಂದು ಪ್ರಪಾತ ಕಾದಿದೆ. ಗೋಡೆಯನ್ನು ಗೆದ್ದು ಬಂದು ಈ ಬಯಲಿನಲ್ಲಿ ದಾರಿ ತಪ್ಪಿ ಬಿದ್ದು ಸತ್ತವರಿದ್ದಾರೆ.

ಅದಕ್ಕಾಗಿ ಇಲ್ಲಿ ಹತ್ತುವವರೆಲ್ಲ ಎರಡು ಸಂಖ್ಯೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿರುತ್ತಾರೆ. ತುದಿಯ ಅಳತೆಗಂಬದಿಂದ ನಕ್ಷೆಯ 231 ಡಿಗ್ರಿಯ ದಿಕ್ಕಿಗೆ 150 ಮೀಟರು. ಅನಂತರ 282 ಡಿಗ್ರಿಯ ದಿಕ್ಕಿಗೆ ತಿರುಗಿ, ಕಾಲುಹಾದಿ ಸಿಕ್ಕುವವರೆಗೂ ಇಳಿಯುವುದು. ಒಬ್ಬ ದಿಕ್ಸೂಚಿಯನ್ನು ಹಿಡಿದು ನಡೆಯುತ್ತಾನೆ. ಇನ್ನೊಬ್ಬ ಹೆಜ್ಜೆಗಳನ್ನು ಎಣಿಸುತ್ತಾನೆ. ಕೈ ಸೋತಿರುತ್ತದೆ, ಕಣ್ಣಿಗೆ ನಿದ್ದೆ ಒತ್ತಿರುತ್ತದೆ, ಗಾಳಿ ಪಕ್ಕದಿಂದ ನೂಕುತ್ತಿರುತ್ತದೆ. ‘ನನಗೆ ದಾರಿ ಗೊತ್ತು’ ಎಂದು ಮನಸ್ಸು ಹೇಳುತ್ತದೆ. ಅದನ್ನು ನಂಬದೆ ಸೂಜಿಯನ್ನೇ ನಂಬಿ ನಡೆಯಬೇಕು. ಎಣಿಕೆ ತಪ್ಪಿತೆಂಬ ಅನುಮಾನ ಬಂದರೆ ಹಿಂತಿರುಗಿ ಕಂಬ ಮುಟ್ಟಿ, ಮತ್ತೆ ಒಂದರಿಂದ ಎಣಿಸಬೇಕು.

ಹಿಂದೆ ಇದೇ ನೆಲದ ಮೇಲೆ ಲಾಂದ್ರ ಹಿಡಿದವನೊಬ್ಬ ನಡುರಾತ್ರಿ ಮೂರಕ್ಕೆ ಹಾಸಿಗೆಯ ಬಿಸುಪಿನ ಯೋಚನೆಯನ್ನು ಬದಿಗೊತ್ತಿ, ಬಿರುಗಾಳಿಯಲ್ಲಿ ಬಾಗಿ ಹೋಗಿ ಉಷ್ಣಮಾಪಕದ ಅಂಕಿಯನ್ನು ಓದಿ ಬರುತ್ತಿದ್ದನು. ನಾಲ್ಕಕ್ಕೆ ಮತ್ತೆ ಹೋಗುತ್ತಿದ್ದನು. ಅವನ ಹೆಸರನ್ನು ಯಾವ ಕೊರಕಲಿಗೂ ಇಟ್ಟಿಲ್ಲ. ಅವನು ಚೆಲ್ಲಿದ ಕಸದ ಹೆಸರು ಮಾತ್ರ ಉಳಿದಿದೆ. ಕೊರಕಲಿನಲ್ಲಿ ಹಗ್ಗ ಹಿಡಿದು ನಿಂತವನೂ, ಬಯಲಿನಲ್ಲಿ ಹೆಜ್ಜೆ ಎಣಿಸುವವನೂ ಮಾಡುತ್ತಿರುವುದು ಅವನ ಕೆಲಸವನ್ನೇ.

ಎರಡನೆಯ ದಿಕ್ಕಿನಲ್ಲಿ ಸ್ವಲ್ಪ ದೂರ ಇಳಿದ ಮೇಲೆ ಹಾದಿಯ ಗುರುತಿಗೆಂದು ಕಟ್ಟಿದ ಕಲ್ಲುಗುಪ್ಪೆಯೊಂದು ದೀಪದ ಬೆಳಕಿಗೆ ಸಿಕ್ಕುತ್ತದೆ. ಮುಂದೆ ಇನ್ನೊಂದು. ಮೋಡದ ಅಡಿಗೆ ಬಂದಾಗ ಪೂರ್ವದಲ್ಲಿ ಬೂದಿಯ ಬಣ್ಣದ ಬೆಳಕು. ಕೆಳಗೆ ಕಡಲ ತೋಳಿನ ಅಂಚಿನಲ್ಲಿ ಫೋರ್ಟ್ ವಿಲಿಯಂ ಪಟ್ಟಣದ ದೀಪಗಳು. ಅಲ್ಲಿ ಜನ ಈಗಷ್ಟೇ ಎದ್ದು ಒಲೆ ಹೊತ್ತಿಸುತ್ತಿರುತ್ತಾರೆ. ಅಲ್ಲಿಯವರೆಗೂ ಎಣಿಸುತ್ತಿದ್ದವನು ಎಣಿಸುವುದನ್ನು ನಿಲ್ಲಿಸಿ, ಇರುಳೆಲ್ಲ ಮಾತಾಡದ ಸಂಗಾತಿಯೊಡನೆ ಮೊದಲ ಮಾತನ್ನಾಡುತ್ತಾನೆ.